ಮುಖಪುಟದ ಸಿಗಡಿಗಳು

ಹೂಡಿಕೆ ಉತ್ತೇಜನ ಕಚೇರಿಯ ಮಾನ್ಯ ನಿರ್ದೇಶಕರೇ,

ದಯವಿಟ್ಟು ಬರಬೇಡಿ.

ತಮಗೆ ಬರುವ ಪತ್ರಗಳೆಲ್ಲ ಬನ್ನಿ, ಒಮ್ಮೆಯಾದರೂ ಬಂದು ನೋಡಿ ಎಂದು ಗೋಗರೆಯುವಂಥವೇ ಇರಬೇಕು. ಆದ್ದರಿಂದ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಬರುವ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾವು ಹೂಡಿಕೆದಾರರ ತಂಡ ಕಟ್ಟಿಕೊಂಡು, ಮುಚ್ಚಿಹೋದ ಸಾಬೂನು ಕಾರ್ಖಾನೆಯ ಹಿಂದಿರುವ ಶೆಡ್ಡಿಗೆ ಹೋಗುವವರಿದ್ದೀರಿ. ಅಲ್ಲಿ ಒಳಾಂಗಣ ತೊಟ್ಟಿಗಳಲ್ಲಿ ಸಿಗಡಿ ಸಾಕುತ್ತಿರುವವರು ಮೊದಲು ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ನಾವೆಲ್ಲ ಟೈಲರಮ್ಮ ಎನ್ನುತ್ತೇವೆ. ನಿಮ್ಮ ಕಚೇರಿ ಅವರಿಗೆ ಕಳಿಸಿರುವ ಸೂಚನಾಪತ್ರದಲ್ಲಿ ನಾಲ್ಕನೆಯ ಸಾಲು ಹೀಗಿದೆ: 'ಭೇಟಿಗೆ ಇಪ್ಪತ್ತನಾಲ್ಕು ಗಂಟೆ ಮೊದಲೇ ತೊಟ್ಟಿಗಳ ನೀರನ್ನು ತಿಳಿಗೊಳಿಸಿ, ತಳ ಕಾಣುವಂತೆ ಇಟ್ಟಿರತಕ್ಕದ್ದು.' ಆ ಶೆಡ್ಡಿನ ಎರಡು ತೊಟ್ಟಿಗಳಲ್ಲಿರುವುದು ನನ್ನ ಹೆಂಡತಿ ಒಂಬತ್ತು ವರ್ಷ ಸಾಕಿದ ನೀರಿನ ಕೊನೆಯ ಪಾಲು. ತಿಳಿಗೊಳಿಸಿದರೆ ಅದು ಸಾಯುತ್ತದೆ. ನಮ್ಮ ಗೋದಾಮಿನಲ್ಲಿದ್ದದ್ದು ಐದು ತಿಂಗಳ ಹಿಂದೆ ಹಾಗೆಯೇ ಸತ್ತಿತು. ಕೊಂದವನು ನಾನು, ಹೇಳಿ ಮಾಡಿಸಿದವರು ನೀವು.

ನೀರು ಸಾಯುವುದೆಂದರೇನು ಎಂದು ನಿಮ್ಮ ಸಹಾಯಕರು ಫೋನಿನಲ್ಲಿ ನಕ್ಕರು. ತಪ್ಪು ಅವರದಲ್ಲ, ಹೂಡಿಕೆದಾರರಿಗೆ ಹಂಚುವ ನಿಮ್ಮ ಕೈಪಿಡಿಯಲ್ಲಿ ಇದನ್ನು ಎಲ್ಲಿಯೂ ಬರೆದಿಲ್ಲ. ಸಿಗಡಿ ತಿನ್ನುತ್ತದೆ, ಹೇಲುತ್ತದೆ, ಆ ಹೊಲಸು ಕರಗಿ ಅದಕ್ಕೇ ವಿಷವಾಗುತ್ತದೆ. ಸಮುದ್ರದಂಚಿನ ಕೊಳಗಳಲ್ಲಾದರೆ ಕೆಟ್ಟ ನೀರನ್ನು ಹೊರಗೆ ಬಿಟ್ಟು ಹೊಸದನ್ನು ತುಂಬಿಸುತ್ತಾರೆ. ಸಮುದ್ರದಿಂದ ಒಂದು ಹಗಲಿನ ದಾರಿ ದೂರವಿರುವ ಗೋದಾಮಿನಲ್ಲಿ ಆ ಸೌಕರ್ಯವಿಲ್ಲ. ನನ್ನ ಹೆಂಡತಿ ಹನ್ನೊಂದು ವರ್ಷ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ದುಡಿದವಳು. (ನಿಮ್ಮ ಕೈಪಿಡಿಯಲ್ಲಿ ಅವಳನ್ನು 'ಹಿರಿಯ ಜಲತಜ್ಞೆ' ಎಂದು ಬರೆದಿದ್ದೀರಿ. ಕೊಳಚೆ ಎಂದರೆ ಹೂಡಿಕೆದಾರರು ಮೂಗು ಮುಚ್ಚಿಕೊಳ್ಳುತ್ತಾರೆಂಬ ಕಾಳಜಿ ಅರ್ಥವಾಗುತ್ತದೆ.) ಹೊಲಸನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳಿವೆ, ಅವಕ್ಕೆ ಗಾಳಿ ಮತ್ತು ಸಮಯ ಕೊಟ್ಟರೆ ಸಾಕು ಎಂದು ಅವಳು ಅಲ್ಲಿ ಕಲಿತಿದ್ದಳು. ಹಳೆಯ ಪೈಪುಗಳನ್ನು ಬಳೆಯಷ್ಟು ತೆಳುವಾಗಿ ಕೊಯ್ದು, ಎರಡು ಆಳೆತ್ತರದ ಕೊಳವೆಯಲ್ಲಿ ತುಂಬಿ, ಅದಕ್ಕೆ ಗೋಪುರ ಎಂದು ಹೆಸರಿಟ್ಟಳು. ತೊಟ್ಟಿಯ ನೀರು ಮೇಲೇರಿ ಆ ಚೂರುಗಳ ಮೇಲೆ ತೊಟ್ಟಿಕ್ಕುತ್ತ ಇಳಿಯುತ್ತಿತ್ತು. ಕೆಳಗಿನಿಂದ ಗಾಳಿ ಒಂದಿಷ್ಟು ಹೊತ್ತು ಬಂದು, ಒಂದಿಷ್ಟು ಹೊತ್ತು ನಿಂತು, ಮತ್ತೆ ಬರುತ್ತಿತ್ತು. ಎಷ್ಟು ಹೊತ್ತು ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದೇ ಅವಳು ಕಂಡುಹಿಡಿದ ಸಂಗತಿ, ನೀವು ಹೊಸ ತಂತ್ರಜ್ಞಾನ ಎಂದು ಕರೆದದ್ದೂ ಅದನ್ನೇ. ಚೂರುಗಳ ಮೇಲೆ ಕಂದು ಬಣ್ಣದ ಲೋಳೆ ಕಟ್ಟುತ್ತಿತ್ತು. ವಿಷವನ್ನು ತಿನ್ನುತ್ತಿದ್ದದ್ದು ಆ ಲೋಳೆ. ಆವಿಯಾದಷ್ಟು ತುಂಬಿಸಿದ್ದು ಬಿಟ್ಟರೆ ಅವಳು ನೀರನ್ನು ಬದಲಿಸಲೇ ಇಲ್ಲ.

ಹೊಸದಾಗಿ ಬೆಳೆಸಿಕೊಳ್ಳಬಹುದಲ್ಲ ಎಂದೂ ನಿಮ್ಮ ಸಹಾಯಕರು ಕೇಳಿದರು. ಬೆಳೆಸಬಹುದು. ಮೊದಲ ಎರಡು ವರ್ಷ ಅವಳ ಪ್ರತಿ ಬೆಳೆಯೂ ಸತ್ತಿತ್ತು. ಮೂರನೆಯ ವರ್ಷ ಅರ್ಧ ಬದುಕಿತು. ಬದುಕಿಸಿದ ಆ ನೀರಿನಿಂದ ಒಂದು ಡ್ರಮ್ ತೆಗೆದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಮುಂದಿನ ತೊಟ್ಟಿಗೆ ಹಾಕಿದಳು. ಆಮೇಲಿನದೆಲ್ಲ ಅದರ ಸಂತಾನ. ಎರಡು ವರ್ಷದ ಹಿಂದೆ ಟೈಲರಮ್ಮ ನಾಲ್ಕು ಡ್ರಮ್ ಕೇಳಿ ಒಯ್ದಿದ್ದರು. ಒಯ್ದದ್ದು ಒಳ್ಳೆಯದಾಯಿತು.

ತಾವು ಮೊದಲ ಸಲ ನಮ್ಮ ಗೋದಾಮಿಗೆ ಒಬ್ಬರೇ ಬಂದಿರಿ. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲು ಬೇಸರಿಸಲಿಲ್ಲ, ಅದು ನಿಮ್ಮ ದೊಡ್ಡತನ. ತೊಟ್ಟಿಯೊಳಗೆ ಇಣುಕಿ, "ಇದೇನಮ್ಮಾ ಟೀ ಡಿಕಾಕ್ಷನ್ನು? ಸಿಗಡಿ ಎಲ್ಲಿ?" ಎಂದಿರಿ. ನನ್ನ ಹೆಂಡತಿ ತಳಕ್ಕೆ ಇಳಿಬಿಟ್ಟಿದ್ದ ಮೇವಿನ ತಟ್ಟೆಯನ್ನು ಎತ್ತಿ ತೋರಿಸಿದಳು. ಹತ್ತು ಹದಿನೈದು ಸಿಗಡಿಗಳಿದ್ದವು, ಒಂದು ನಿಮ್ಮ ಬೂಟಿನ ಮೇಲೆ ಹಾರಿತು.

"ತಟ್ಟೆ ಎತ್ತದೇನೇ ಕಾಣೋ ಹಾಗೆ ಮಾಡಕ್ಕಾಗಲ್ವಾ?"

"ಕಾಣಬಾರದು ಸರ್. ಚೆನ್ನಾಗಿರೋ ಸಿಗಡಿ ತಳದಲ್ಲಿರುತ್ತೆ. ಮೇಲೆ ಬಂದು ಕಾಣಿಸಿಕೊಂಡ್ರೆ ಅದಕ್ಕೆ ಉಸಿರು ಕಟ್ತಿದೆ ಅಂತ."

"ಕಾಣದೇ ಇರೋದಕ್ಕೆ ಬಂಡವಾಳ ಯಾರಮ್ಮ ಹಾಕ್ತಾರೆ?"

ಈ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ. ಆಗಲೂ ಅದು ನನಗೆ ನ್ಯಾಯವಾದ ಮಾತು ಎನಿಸಿತ್ತು. ಇಲ್ಲಿ ನನ್ನ ಬಗ್ಗೆ ಹೇಳಬೇಕು. ನಾನು ಹದಿನಾಲ್ಕು ವರ್ಷ ಬಚ್ಚಲಮನೆಯ ಟೈಲ್ಸ್ ಮಾರಿದವನು. ಅಂಗಡಿ ಮುಚ್ಚಿದ ಮೇಲೆ ಹೆಂಡತಿಯ ಕೆಲಸದಲ್ಲಿ ಅರ್ಜಿ, ಫೋನು, ಕಚೇರಿ ಸುತ್ತುವುದು ಇತ್ಯಾದಿ ನನ್ನ ಪಾಲಿಗೆ ಬಂದವು. ಬಿಳಿ ಟೈಲ್ಸಿನ ಮೇಲೆ ತಿಳಿನೀರು ನಿಂತರೆ ಗಿರಾಕಿಯ ಮುಖ ಹೇಗೆ ಅರಳುತ್ತದೆಂದು ನನಗೆ ಗೊತ್ತು. ಎರಡನೆಯ ಭೇಟಿಗೆ ಮೊದಲು ನಿಮ್ಮ ಸಹಾಯಕರು ಫೋನ್ ಮಾಡಿ, "ನೀರು ಸ್ವಲ್ಪ ಕ್ಲಿಯರ್ ಮಾಡಿಸಿ ಸಾರ್, ಈ ಸಲ ಇಪ್ಪತ್ತು ಜನ ದೊಡ್ಡವರು ಬರ್ತಿದ್ದಾರೆ, ಸಾಹೇಬ್ರ ಮರ್ಯಾದೆ ಪ್ರಶ್ನೆ" ಎಂದಾಗ, ನಿಮ್ಮ ಮರ್ಯಾದೆ ನನಗೆ ಅರ್ಥವಾದಷ್ಟು ನನ್ನ ಹೆಂಡತಿಗೆ ಆಗಲಿಲ್ಲ. ಅವಳು, "ಆ ಬಣ್ಣಾನೇ ಟೆಕ್ನಾಲಜಿ. ಅದನ್ನ ತೆಗೆದ್ರೆ ಉಳಿಯೋದು ಬರೀ ತೊಟ್ಟಿ" ಎಂದು ಹೇಳಿ ಮೇವು ತೂಗಲು ಹೋದಳು.

ಭೇಟಿಯ ಹಿಂದಿನ ದಿನ ಅವಳು ತಾಯಿಯ ಹಲ್ಲು ಕೀಳಿಸಲು ಆಸ್ಪತ್ರೆಗೆ ಹೋಗಿದ್ದಳು. ಮಧ್ಯಾಹ್ನ ಒಂದೂವರೆಗೆ ನಾನು ಮೂರೂ ತೊಟ್ಟಿಗಳ ವಾಲ್ವ್ ತಿರುಗಿಸಿ ನೀರು ಹೊರಗೆ ಬಿಡತೊಡಗಿದೆ. ಸಿಗಡಿಗಳನ್ನು ಬಲೆಯಲ್ಲಿ ಎತ್ತಿ ಡ್ರಮ್ಮುಗಳಲ್ಲಿಟ್ಟು, ತೊಟ್ಟಿ ಉಜ್ಜಿ, ಹೊಸ ನೀರಿಗೆ ಉಪ್ಪು ಬೆರೆಸಿ ತುಂಬಿಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಗೋಪುರದ ಲೋಳೆಯಾದರೂ ಉಳಿಯುತ್ತಿತ್ತು. ಆದರೆ ಗೋಪುರದ ಬಾಗಿಲನ್ನೂ ತೆರೆದು ತೋರಿಸಬೇಕೆಂದು ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿತ್ತು, ಒಳಗೆ ನೋಡಿದರೆ ತಿಂಗಳುಗಟ್ಟಲೆ ತೊಳೆಯದ ಬಚ್ಚಲಿನಂತಿತ್ತು. ಅದಕ್ಕೆ ಏನು ಹಾಕಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬ್ಲೀಚಿನಲ್ಲಿ ಎರಡು ಸಲ ತೊಳೆದೆ. ಚೂರುಗಳು ಹೊಸದರಂತೆ ಬೆಳ್ಳಗಾದವು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

ಅವಳು ಸಂಜೆ ಐದಕ್ಕೆ ಬಂದಳು. ಬಾಗಿಲಲ್ಲೇ ವಾಸನೆ ಹಿಡಿದಳು.

"ಎಲ್ಲ ತೊಳೆದ್ರಾ?"

"ಹೂಂ."

"ಗೋಪುರಾನೂ?"

"ಹೂಂ."

ಅವಳು ಭುಜದ ಚೀಲವನ್ನೂ ಕೆಳಗಿಡದೆ ಮೇವಿನ ಮೂಟೆಯ ಮೇಲೆ ಕೂತಳು. ಆಮೇಲೆ ಎದ್ದು, ಗಾಳಿಯ ಯಂತ್ರವನ್ನು ಪೂರ್ತಿ ಜೋರು ಮಾಡಿ, ಟೈಲರಮ್ಮನಿಗೆ ಫೋನ್ ಮಾಡಿ, ಅವರ ತೊಟ್ಟಿಯಿಂದ ಒಂದೆರಡು ಡ್ರಮ್ ನೀರು ಬೇಕು ಎಂದಳು. ಅವರು ಕೊಡುತ್ತೇನೆಂದರು, ಆದರೆ ಗಾಡಿ ಸಿಕ್ಕಿದ್ದು ಮಾರನೆಯ ದಿನ ಮಧ್ಯಾಹ್ನಕ್ಕೆ. ಅಷ್ಟರಲ್ಲಿ ನೀವು ಬಂದು ಹೋಗಿದ್ದಿರಿ, ಸಿಗಡಿಗಳಿಗೆ ವಿಷ ಏರಿಹೋಗಿತ್ತು, ಮಾಡಲು ಏನೂ ಉಳಿದಿರಲಿಲ್ಲ.

ನೀವು ಬಂದ ಬೆಳಿಗ್ಗೆ ನಿಮಗೆ ನೆನಪಿರುತ್ತದೆ. ದೀಪಗಳನ್ನೆಲ್ಲ ಹಾಕಿಸಿದಿರಿ. ನೀರು ಗಾಜಿನಂತಿತ್ತು. ಸಿಗಡಿಗಳೆಲ್ಲ ಮೇಲಕ್ಕೆ ಬಂದು ಅಂಚಿನುದ್ದಕ್ಕೂ ಸುತ್ತುತ್ತಿದ್ದವು. "ನೋಡಿ, ಎಂಥ ಲವಲವಿಕೆ!" ಎಂದಿರಿ. ಬಂದವರಲ್ಲಿ ಒಬ್ಬರು, ಮೊದಲು ನರ್ಸ್ ಆಗಿದ್ದ ವಯಸ್ಸಾದ ಹೆಂಗಸು, "ಇವು ಯಾಕೆ ಹೀಗೆ ಮೇಲೆ ಬರ್ತಿವೆ?" ಎಂದು ಕೇಳಿದರು. "ನೀವೆಲ್ಲ ಬಂದ್ರಲ್ಲ, ಆ ಖುಷಿಗೆ" ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಹೆಂಡತಿ ನೀವು ಕಳಿಸಿದ ನೀಲಿ ಸಮವಸ್ತ್ರ ಹಾಕಿಕೊಂಡು ಹಿಂದೆ ನಿಂತಿದ್ದಳು. ಅವಳು ಆಗಲೇ ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿಲ್ಲ. ನನ್ನ ಮುಖ ಉಳಿಸಲಿಕ್ಕೆ ಇರಬೇಕು. ಹಾಗಿದ್ದರೆ ಅದಕ್ಕೆ ಕೊಟ್ಟ ಬೆಲೆ ಹೆಚ್ಚಾಯಿತು.

ಎರಡು ದಿನದಲ್ಲಿ ಎಲ್ಲ ಸತ್ತವು. ನಾವಿಬ್ಬರೂ ಬಲೆ ಹಿಡಿದು ಎತ್ತಿದೆವು. ಆ ಹೊತ್ತು ದುಃಖವಾಯಿತೇ ಎಂದರೆ ನನಗೆ ಗೊತ್ತಿಲ್ಲ. ಪಂಪುಗಳನ್ನು ಆರಿಸಿದಾಗ ಕಿವಿ ಮುಚ್ಚಿಹೋದ ಹಾಗಾಯಿತು, ಒಂಬತ್ತು ವರ್ಷ ಆ ಸದ್ದು ನಿಂತೇ ಇರಲಿಲ್ಲ. ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅವಳು ಮುಂದಿನ ತಿಂಗಳೇ ಹಳೆಯ ಘಟಕದಲ್ಲಿ ಕೆಲಸಕ್ಕೆ ಸೇರಿದಳು. ಊಟ ಆಯ್ತಾ ಎಂದು ಕೇಳುತ್ತಾಳೆ, ಆಯ್ತು ಎನ್ನುತ್ತೇನೆ. ಗೋದಾಮಿನ ಬೀಗದ ಕೈ ಫ್ರಿಜ್ಜಿನ ಮೇಲೆ ಇಟ್ಟಲ್ಲೇ ಇದೆ. ಧೂಳು ಒರೆಸುವಾಗ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತೇನೆ.

ಐದು ವಾರದ ಮೇಲೆ ಅಂಚೆಯಲ್ಲಿ ನಿಮ್ಮ ಕೈಪಿಡಿ ಬಂತು, ಜೊತೆಗೊಂದು ಪ್ರಶಂಸಾಪತ್ರ. ಮುಖಪುಟದಲ್ಲಿ ನಮ್ಮದೇ ತೊಟ್ಟಿ. 'ಸ್ಫಟಿಕದಂಥ ನೀರು, ಲವಲವಿಕೆಯ ಸಿಗಡಿ, ಭರವಸೆಯ ಹೂಡಿಕೆ.' ಮಾನ್ಯರೇ, ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ಮೈ ಹಾಲಿನಂತೆ ಬಿಳುಚಿದೆ, ಬಾಲ ಕೆಂಪಾಗಿದೆ. ಅವು ಉಸಿರಿಗಾಗಿ ಮೇಲೆ ಬಂದಿವೆ. ಇಷ್ಟು ಚೆಂದದ ಕಾಗದದ ಮೇಲೆ, ಇಷ್ಟು ಒಳ್ಳೆಯ ಬಣ್ಣದಲ್ಲಿ, ಸಾಯುತ್ತಿರುವ ಜೀವಿಗಳನ್ನು ಅಚ್ಚು ಹಾಕಿಸಿ ಬಂಡವಾಳ ಕರೆದ ಕಚೇರಿ ಇನ್ನೊಂದು ಇದೆಯೇ? ಇದನ್ನು ತಿಳಿಸಿ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: 'ಛಾಯಾಚಿತ್ರಕ್ಕೆ ಸಂಬಂಧಿಸಿದ ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದ್ದು, ಮುಂದಿನ ಮುದ್ರಣದಲ್ಲಿ ತಮ್ಮ ಹೆಸರನ್ನು ಕೃತಜ್ಞತೆಯೊಂದಿಗೆ ನಮೂದಿಸಲಾಗುವುದು.' ಆಗಲೂ ನನಗೆ ಸಿಟ್ಟು ಬರಲಿಲ್ಲ. ಪತ್ರವನ್ನು ಮಡಚಿ ಕೈಪಿಡಿಯೊಳಗೆ ಇಟ್ಟೆ. ಏಳನೆಯ ಪುಟ ಕಣ್ಣಿಗೆ ಬಿದ್ದದ್ದು ಆಗಲೇ. ತಳ ಕಾಣುವ ನೀರು ಇನ್ನು ಮುಂದೆ ಅನುಮೋದನೆಗೆ ಅಗತ್ಯ ಎಂದು ಅಲ್ಲಿದೆ. ನನ್ನೊಬ್ಬನ ಮೂರ್ಖತನ ಈಗ ನಿಯಮವಾಗಿದೆ.

ಹೂಡಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಈ ನೀರಿನಷ್ಟು ಯೋಗ್ಯವಾದ ಹೂಡಿಕೆ ನಾನು ಕಂಡಿಲ್ಲ. ಸಮುದ್ರ ಬೇಡ, ನದಿಗೆ ಹೊಲಸು ಬಿಡುವುದು ಬೇಡ, ಪಾಳುಬಿದ್ದ ಯಾವ ಗೋದಾಮಾದರೂ ಸಾಕು. ಆದರೆ ಅದರಲ್ಲಿ ತೋರಿಸಲಿಕ್ಕೆ ಏನೂ ಇಲ್ಲ. ದಿನದಿನದ ಮೇವಿನ ಲೆಕ್ಕ ನೋಡಬಹುದು, ತಟ್ಟೆ ಎತ್ತಿ ನೋಡಬಹುದು, ಮೊಣಕೈವರೆಗೆ ಕೈ ಅದ್ದಿ ಮೂಸಬಹುದು. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿಯಿದೆ. ಇಷ್ಟಕ್ಕೆ ತೃಪ್ತರಾಗದ ಬಂಡವಾಳಗಾರರಿಗೆ ಬಚ್ಚಲಮನೆಯ ಟೈಲ್ಸ್ ಒಳ್ಳೆಯ ಉದ್ಯಮ. ಬೇಕಾದರೆ ನಾನೇ ಸಲಹೆ ಕೊಡುತ್ತೇನೆ.

ನಿಮ್ಮ ಸೂಚನಾಪತ್ರ ಬಂದ ದಿನ ಟೈಲರಮ್ಮ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರಿಗೇನೂ ಗಾಬರಿಯಿರಲಿಲ್ಲ. "ಬರ್ಲಿ ಬಿಡಿ. ಮುಂದೆ ಒಂದು ಗಾಜಿನ ಪೆಟ್ಟಿಗೆ ಇಟ್ಟು, ನಲ್ಲಿ ನೀರಲ್ಲಿ ನಾಲ್ಕು ಸಿಗಡಿ ಬಿಡ್ತೀನಿ. ಫೋಟೋ ತೆಗ್ಸಿಕೊಂಡು ಹೋಗ್ತಾರೆ. ಅಳತೆ ಒಬ್ಬರದು, ಅಂಗಿ ಇನ್ನೊಬ್ಬರದು, ಹೊಲಿದು ಕೊಟ್ಟು ಅಭ್ಯಾಸ ಇದೆ ನಂಗೆ" ಎಂದರು. ನನಗೂ ಅದೇ ಸುಲಭ ಎನಿಸಿತು. ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, "ಬೇಡ. ಆ ಫೋಟೋ ನೋಡಿ ಇನ್ಯಾರೋ ಗೋಪುರ ತೊಳೀತಾರೆ" ಎಂದಳು. ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ, "ಅಲ್ಲಿ ನೀರು ಹೇಗಿದೆ?" ಎಂದು ಕೇಳಿದಳು. ಐದು ತಿಂಗಳಲ್ಲಿ ಅವಳು ನೀರಿನ ಬಗ್ಗೆ ಕೇಳಿದ್ದು ಅದೇ ಮೊದಲು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಖಪುಟವನ್ನು ಹಿಂದಕ್ಕೆ ಪಡೆಯಿರಿ, ಏಳನೆಯ ಪುಟದ ಆ ನಿಯಮವನ್ನು ಹೊಡೆದುಹಾಕಿ. ಬುಧವಾರದ ಭೇಟಿ ಬೇಡ. ಬಂದೇ ತೀರಬೇಕೆಂದಿದ್ದರೆ ಒಬ್ಬರೇ ಬನ್ನಿ, ದೀಪ ಹಾಕಿಸಬೇಡಿ, ತೋಳು ಮಡಚಿಕೊಂಡು ಬನ್ನಿ. ನಿಮಗೆ ಕಂದು ನೀರು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಅಂದು ನನ್ನ ಹೆಂಡತಿ ಘಟಕಕ್ಕೆ ರಜೆ ಹಾಕಿ ಅಲ್ಲಿರುತ್ತಾಳೆ. ಮೊನ್ನೆ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಟೈಲರಮ್ಮನ ಎರಡೂ ತೊಟ್ಟಿಗಳ ವಾಲ್ವಿನ ಹಿಡಿಗಳನ್ನು ಬಿಚ್ಚಿ ತಂದಿದ್ದಾಳೆ. ಎಲ್ಲಿಟ್ಟಿದ್ದಾಳೆಂದು ಟೈಲರಮ್ಮನಿಗೆ ಹೇಳಿದ್ದಾಳಂತೆ. ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ಇಂತಿ,
ಒಮ್ಮೆ ನಿಮ್ಮ ಮಾತು ಕೇಳಿದವನು