ಸಕ್ಕರಿ ಹಾಕಿದ ಖಂಡ

ಜನವರಿ 19, ಆಯ್ತವಾರ. ಮಧ್ಯಾಹ್ನ 3

ಕಡಾಯಿ ಇನ್ನೂ ನೀರಾಗ ನೆನಿಯಾಕತ್ತದ. ತಳಕ್ಕ ಹತ್ತಿದ ಕರಿ ಬಿಡವಲ್ದು. ಸಕ್ಕರಿ ಸುಟ್ಟು ಡಾಂಬರ್ ಆಗಿತ್ತು. ವಿಡಿಯೋದಾಗ ಆ ಚೀನಾ ಮುದುಕಿ ಎಷ್ಟು ಹಗುರಕ ಮಾಡ್ತಾಳ... ಎಣ್ಣಿಗೆ ಕಲ್ಲುಸಕ್ಕರಿ ಹಾಕ್ತಾಳ, ಕೈಯಾಡಸ್ತಾಳ, ಜೇನಿನ ಬಣ್ಣ ಬಂತೋ ಇಲ್ಲೋ ಖಂಡ ಸುರೀತಾಳ. ನಾನೂ ಹಂಗ ಮಾಡಿದೆ. ಫೋನ್ ಬಂತು. ಎರಡು ನಿಮಿಷ ಆಕಡಿ ತಿರುಗಿದೆ. ಮುಗೀತು.

ಇವರು ಒಂದು ತುಂಡು ಬಾಯಾಗ ಇಟ್ಟು ಮಾರಿ ಕಿವುಚಿದ್ರು. "ಬೇವಿನ ಕಷಾಯದಾಗ ಕುದಿಸೀಯೇನು?" ವಾರವೆಲ್ಲಾ ದೇವದುರ್ಗದಾಗ ಬಿಸಲಾಗ ಹೊಲ ಅಳದು ಬರೋ ಮನುಷ್ಯ. ಆಯ್ತವಾರ ಒಂದಿನ ಮನಿ ಊಟ. ಅದೂ ಕಹಿ. ಕಡೀಗೆ ತತ್ತಿ ಪಲ್ಯ, ರೊಟ್ಟಿ.

ಹಂದಿ ಖಂಡ ತರೋದೇ ಒಂದು ಕತಿ. ಊರ ಹೊರಗ ತಟ್ಟಿನ ಪರದೆ ಹಿಂದ ತಿರುಪತಿ ಅಂತ ಒಬ್ಬ ಮಾರ್ತಾನ. "ಹೊಟ್ಟಿ ಭಾಗ. ತೊಗಲು ಸಮೇತ. ಕಡೀಬ್ಯಾಡ್ರಿ, ಒಂದೇ ತುಂಡು ಕೊಡ್ರಿ" ಅಂದೆ. ಕತ್ತಿ ಕೆಳಗಿಟ್ಟ. "ಎಲ್ಲಾರೂ ಚರ್ಬಿ ಕಮ್ಮಿ ಹಾಕು ಅಂತಾರ್ರಿ ಮೇಡಂ. ನೀವು ಚರ್ಬಿನೇ ಕೇಳಾಕತ್ತೀರಿ!" ಆಮ್ಯಾಲ ಕರಿ ಚೀಲದಾಗ ಹಾಕಿ, ಮ್ಯಾಲ ಪೇಪರ್ ಸುತ್ತಿ, ಇನ್ನೊಂದು ಕರಿ ಚೀಲ ತಗದ. ಕೇಳದೇನೇ. ಇಲ್ಲಿ ಬರೋ ಮಂದಿಗೆ ಹಂಗೇ ಬೇಕೇನೋ.

ಒಂದು ಸಾಕು ಅಂದೆ.


ಜನವರಿ 20, ಸೋಮವಾರ

ಸಾಲಿಗೆ ಹೋಗೋ ಏಳೂವರಿ ಬಸ್ಸು. ಮಾನ್ವಿ ಮಟ ಕಿಟಕಿ ಸೀಟು ಸಿಕ್ತು. ಯಾಕ ಇದರ ಬೆನ್ನು ಹತ್ತೀನಿ ಅಂತ ಯೋಚಿಸ್ದೆ.

ಆ ಮುದುಕಿ ಭಾಷಾ ನನಗ ತಿಳಿಯಂಗಿಲ್ಲ. ಆದ್ರ ಅಕಿ ಅಂಗಳ ತಿಳೀತದ. ಕಟಿಗಿ ಒಲಿ, ಕೋಳಿ, ಹೊಗಿಗೆ ಕಣ್ಣು ಸಣ್ಣ ಮಾಡೋದು. ಥೇಟ್ ಅವ್ವ. ಖಂಡ ಆದ ಮ್ಯಾಲ ದೊಡ್ಡ ಬಟ್ಟಲ ನಟ್ಟನಡುವ ಇಟ್ಟು ಎಲ್ಲಾರನ್ನೂ ಕರೀತಾಳ. ಬಾಗಲಾ ತಗದೇ ಅದ. ಹಬ್ಬದ ಅಡಗಿ ಇರಬೇಕು. ಬಂದ ಬೀಗರಿಗೆ ಮೊದಲ ತುಂಡು. ಹಂದಿ ಖಂಡ — ಬೀಗರಿಗೆ, ಮೊದಲ ತುಂಡು! ಹತ್ತು ಸಲ ನೋಡೀನಿ ಅದೊಂದನ್ನ.

ಬರದೇ ಬಿಡ್ತೀನಿ. 2017. ಬಾಡಿಗಿ ಮನ್ಯಾಗಿದ್ವಿ. ಮಾಲಕರ ಕರಾರು, ತತ್ತಿ ಸೈತ ಒಳಗ ಬರಬಾರದು. ಅವ್ವ ಹಿರೇಕೊಟ್ನೆಕಲ್‌ಲಿಂದ ನನಗಂತ ಖಂಡ ಮಾಡಿ ಡಬ್ಬಿ ತಂದಿದ್ಲು. ಮಾಲಕರ ಹೆಂಡ್ತಿ ಮೆಟ್ಟಲದ ಮ್ಯಾಲ ನಿಂತು, "ಏನದು ವಾಸನಿ? ಯಾರಿಕಿ?" ಅಂದ್ಲು. ನಾನು — ಹೈಸ್ಕೂಲ್ ವಿಜ್ಞಾನ ಟೀಚರ್, ಗ್ವಾಡಿಗೆ ಬುದ್ಧಂದು ಬಾಬಾಸಾಹೇಬರದು ಫೋಟೋ ಹಾಕಿದಾಕಿ — "ಕೆಲಸಕ್ಕ ಬಂದಾಕಿ ರೀ" ಅಂದೆ.

ಅವ್ವ ಕೇಳಿದ್ಲು. ಡಬ್ಬಿ ಸೆರಗಿನ್ಯಾಗ ಮುಚ್ಚಿಕೊಂಡು ಮೂರರ ಬಸ್ಸಿಗೆ ಹೊಳ್ಳಿ ಹೋದ್ಲು. ಅವತ್ತಿನಿಂದ ನನ್ನ ಮನ್ಯಾಗ ಉಂಡಿಲ್ಲ. ಬರ್ತಾಳ, ಚಹಾ ಕುಡೀತಾಳ, "ಉಂಡೇ ಬಂದೀನಿ" ಅಂತಾಳ.

ಈಗ ಸ್ವಂತ ಮನಿ. ಎರಡು ತಿಂಗಳಾತು ಬಂದು. ಗೃಹಪ್ರವೇಶದ ದಿನಾನೂ ಉಂಡೇ ಬಂದಿದ್ಲು.


ಫೆಬ್ರವರಿ 2, ಆಯ್ತವಾರ

ಎರಡನೇ ಸಲ. ಸಕ್ಕರಿ ಗೆದ್ದೆ. ಗ್ಯಾಸ್ ಸಣ್ಣ, ಫೋನ್ ಬಂದ್, ಕಣ್ಣು ಕಡಾಯಿ ಮ್ಯಾಲ. ಜೇನು ಬಣ್ಣ ಬಂತು! ಶುಂಠಿ, ಉಳ್ಳಾಗಡ್ಡಿ ತಪ್ಪಲ, ಚಕ್ಕಿ, ಚಕ್ರಮೊಗ್ಗು, ಸೋಯಾ ಸಾಸ್. ಚೀನಾ ಮುದುಕಿ ಹಾಕೋ ಸಾರಾಯಿ ಬದಲಿ ಇವರು ತಂದ ರಮ್ ಎರಡು ಚಮಚ. ಎಲ್ಲಾ ಛಲೋ ಇತ್ತು. ಆಮ್ಯಾಲ ಅವಸರ ಮಾಡಿದೆ. ಕುಕ್ಕರ್, ಆರು ಸೀಟಿ.

ಮುಚ್ಚಳ ತಗದ್ರ... ಚರ್ಬಿ ಕರಗಿ ಎಣ್ಣಿ, ಖಂಡ ನಾರು, ತೊಗಲಿನ್ಯಾಗ ಕೂದಲಾ! ಬ್ಲೇಡಿನಿಂದ ಕೆರದಿದ್ದೆ. ಮತ್ತ ಉಳದಾವ.

ಇವರು ಸಾರು ಅಷ್ಟೇ ಅನ್ನಕ್ಕ ಕಲಸಿಕೊಂಡು ಎರಡು ಸಲ ನೀಡಿಸಿಕೊಂಡ್ರು. "ದಾರಿ ಮ್ಯಾಲ ಬಂದೀ, ಶಶಿ. ಆದ್ರ ತೊಗಲಿಂದು ನಿನಗ ಗೊತ್ತಿಲ್ಲ. ನಿಮ್ಮವ್ವನ್ನ ಕೇಳು."

ಕೇಳಬೇಕು. ಅದೇ ಕಷ್ಟ ಅದ.


ಫೆಬ್ರವರಿ 5, ಬುಧವಾರ

ಸ್ಟಾಫ್ ರೂಂ. ಮೂರು ಡಬ್ಬಿ ಒಂದ ಟೇಬಲ್ — ಉಮಾದೇವಿ ಮೇಡಂ, ಕಹಕಶಾನ್, ನಾನು. ಹನ್ನೊಂದು ವರ್ಷ. ಉಮಾದೇವಿ ಅವರು ನನಗ ಶೇಂಗಾ ಚಟ್ನಿ ಹಾಕದ ದಿನ ಇಲ್ಲ. "ಹೊಸಾ ಮನಿ ಊಟ ಯಾವಾಗ್ರಿ ಮೇಡಂ?" ಅಂದ್ರು.

ಬಾಯಿಲಿಂದ ಬಂದೇ ಬಿಡ್ತು. "ಹದಿನಾರಕ್ಕ, ಆಯ್ತವಾರ. ಹೋಳಿಗಿ, ಬ್ಯಾಳಿ, ಅನ್ನ ಬ್ಯಾರೆ ಒಲಿ ಮ್ಯಾಲ ಮಾಡ್ತೀನಿ. ಹಂದಿ ಖಂಡಾನೂ ಮಾಡ್ತೀನಿ. ಉಣ್ಣಾರು ಉಣ್ಣಬೋದು."

ಉಮಾದೇವಿ ಅವರು ತುತ್ತು ಹಿಡದ ಕೈ ತಾಟಿಗೆ ಇಳಿಸಿದ್ರು. ಕಹಕಶಾನ್ ನನ್ನ ಮಾರಿ ನೋಡಿದ್ಲು. "ಅದು ನಮ್ಮಲ್ಲಿ ಹರಾಮ್ ಅದ ರೀ. ಆದ್ರ ಮನಿ ನೋಡಾಕ ಬರ್ತೀನಿ. ನನ್ನ ಡಬ್ಬಿ ನಾನೇ ತರ್ತೀನಿ, ನಡೀತದಲ್ಲ?"

ನಡೀತದ ಅಂದೆ. ಹೇಳಿದೆ! ಹನ್ನೊಂದು ವರ್ಷದಾಗ ಮೊದಲ ಸಲ.


ಫೆಬ್ರವರಿ 6, ಗುರುವಾರ

ಉಮಾದೇವಿ ಅವರು ಕಿಟಕಿ ಕಡಿ ಟೇಬಲ್‌ಗೆ ಕುಂತ್ರು. ಪೇಪರ್ ತಿದ್ದೋದು ಅದ ಅಂತ. ಪೇಪರ್ ಕಾಣಲಿಲ್ಲ.

ಸಂಜಿಗೆ ಅವ್ವಗ ಫೋನ್ ಮಾಡಿದೆ. ಖಂಡ, ಕಲ್ಲುಸಕ್ಕರಿ, ತೊಗಲಿನ ಕೂದಲ, ಹದಿನಾರರ ಊಟ, ಎಲ್ಲಾ ಹೇಳಿದೆ.

"ಸಕ್ಕರಿ?"

"ಹೂಂ ಬೇ."

"ಖಂಡಕ್ಕ ಸಕ್ಕರಿ! ಖಾರ ಎಷ್ಟು?"

"ಖಾರ ಇಲ್ಲ."

"ಪಾಯಸ ಮಾಡಾಕತ್ತೀಯೇನ ನೀನು?" ಆಮ್ಯಾಲ, "ಮುಂದಿನ ವಾರ ಶನಿವಾರ ಬರ್ತೀನಿ ತಡಿ. ನಾ ಬರೋ ಮಟ ಅದರ ತೊಗಲು ಮುಟ್ಟಬ್ಯಾಡ."


ಫೆಬ್ರವರಿ 15, ಶನಿವಾರ

ಅವ್ವ ಬಂದ್ಲು. ಸೀದಾ ಅಡಗಿಮನಿಗೆ. ತಿರುಪತಿ ಕೊಟ್ಟ ತುಂಡು ಕೈಯಾಗ ಹಿಡದು ತಿರುಗಿಸಿ ನೋಡಿ, "ಛಲೋ ಕೊಟ್ಟಾನ" ಅಂದ್ಲು. ಇಕ್ಕಳದಾಗ ಹಿಡದು ತೊಗಲು ಉರಿ ಮ್ಯಾಲ ಇಟ್ಲು. ಚರ್ ಚರ್ ಅಂತ ಕೂದಲ ಸುಟ್ಟು, ತೊಗಲು ಉಬ್ಬಿ, ಹಳದಿ ಆಗಿ, ಕಂದು ಆತು. ನೀರಾಗ ಹಾಕಿ ಚಾಕುಲೇ ಕೆರದ್ಲು. ಕೂಸಿನ ಗಲ್ಲ ಆದಂಗ ಆತು, ಅಷ್ಟು ನುಣುಪು.

ನಾನು ಎಕ್ಸಾಸ್ಟ್ ಫ್ಯಾನ್ ಹಾಕಾಕ ಹೋದೆ. ಕೈ ತಾನೇ ಹೋತು. ನಿಂತೆ. ಕಿಟಕಿ ತಗದೆ. ಎರಡೂ ಕದ.

"ಯವ್ವಾ... ಅವತ್ತು ನಾ ಹಂಗ ಅನ್ನಬಾರದಿತ್ತು."

ಚಾಕು ನಿಲ್ಲಲಿಲ್ಲ. "ಯಾವತ್ತು?"

"ಕೆಲಸದಾಕಿ ಅಂದಿದ್ನಲ್ಲ."

"ಹೂಂ. ಅಂದಿದ್ದಿ." ಕೆರದ್ಲು, ತೊಳದ್ಲು, ಮತ್ತ ಕೆರದ್ಲು. "ಸಿಟ್ಟು ಬಂದಿತ್ತು ನನಗ. ಏಳೆಂಟು ವರ್ಷ ಇಟ್ಟಕೊಂಡೆ. ಆದ್ರ ಆ ಖಂಡ ಕೆಡಿಸಲಿಲ್ಲ ನೋಡು. ಬಸ್ಸಿನ್ಯಾಗ ಡಬ್ಬಿ ತಗದು ಉಂಡೆ. ಬಾಜೂಕ ಕುಂತಾಕಿ ಬಾಗಲವಾಡದಾಕಿ, ಅಕಿಗೂ ಕೊಟ್ಟೆ. ಬಟ್ಟು ನೆಕ್ಕಿದ್ಲು."

ನಗಬೇಕೋ ಅಳಬೇಕೋ. ಎರಡೂ ಬಂತು.

"ಅಳಕೋಂತ ನಿಂದರಬ್ಯಾಡ. ಶುಂಠಿ ಜಜ್ಜು" ಅಂದ್ಲು.


ಫೆಬ್ರವರಿ 16, ಆಯ್ತವಾರ. ಸಂಜಿ 6

ಕೂಡಿಸಿ ಬರೀತೀನಿ, ಕೈ ಇನ್ನೂ ಜಿಡ್ಡು.

ಹತ್ತಕ್ಕ ಒಲಿ ಹಚ್ಚಿದ್ವಿ. ಮೊದಲು ಒಂದು ಕುದಿ ಕುದಿಸಿ ನೀರು ಚೆಲ್ಲಿದ್ಲು ಅವ್ವ. ಸಕ್ಕರಿ ನಂದು. ಅದನ್ನ ಯಾರಿಗೂ ಬಿಟ್ಟುಕೊಡಲಿಲ್ಲ. ಜೇನಿನ ಬಣ್ಣ ಬಂದ ಗಳಿಗೀಗೆ ಖಂಡ ಸುರದೆ. ಕುಕ್ಕರ್ ಕೆಳಗಿಟ್ಟು ದಪ್ಪ ತಳದ ಬೋಗುಣಿ. ಸಣ್ಣ ಉರಿ. ಒಂದೂವರಿ ತಾಸು ಅವ್ವ ಒಲಿ ಬಾಜೂಕ ಕುಂತು ಕಾಯ್ದ್ಲು. ನಡುವ ನಾ ಆಕಡಿ ಹೋದಾಗ ಎರಡು ಒಣಮೆಣಸಿನಕಾಯಿ ಒಗದಾಳ. ಕೇಳಿದ್ರ, "ಚೀನಾದಾಕಿ ಏನು ನೋಡಾಕ ಬರ್ತಾಳೇನು?"

ಹನ್ನೊಂದೂವರಿಗೆ ಬೀದಿ ತುಂಬ ಘಮ. ಎದುರು ಮನಿ ಶಿವಬಸಮ್ಮ, ಮಗಂದು ರೈಸ್ ಮಿಲ್ ಅದ, ಗೇಟಿಗೆ ಬಂದ್ರು. "ಏನ್ ಮಾಡಾಕತ್ತೀರಿ ಟೀಚರ್? ಈ ಅಮ್ಮ ಯಾರು?"

ಅವ್ವ ತಟ್ಟನೆ ಬೋಗುಣಿ ಮ್ಯಾಲ ತಾಟು ಮುಚ್ಚಿ ಕದದ ಹಿಂದ ಸರದ್ಲು. ನನ್ನ ಕಣ್ಣಿಗೆ ಬಿತ್ತು. ಹೋಗಿ ಅವ್ವನ ಕೈ ಹಿಡಕೊಂಡು ಹೊರಗ ಬಂದೆ.

"ನಮ್ಮವ್ವ ರೀ. ಕನಕಮ್ಮ. ಹಂದಿ ಖಂಡ ಮಾಡಾಕತ್ತೀವಿ. ಬರ್ರಿ ಒಳಗ."

ಶಿವಬಸಮ್ಮ ಗೇಟಿನ ಮ್ಯಾಲಿಂದ ಕೈ ತಗದ್ರು. "ನಮ್ಮಲ್ಲಿ ನಡಿಯಂಗಿಲ್ಲವ್ವ."

ನಾ ಬಾಯಿ ತಗಿಯೋದ್ರಾಗ ಅವ್ವ, "ನಡೀದಿದ್ರ ಬಿಡ್ರಿ ಅಮ್ಮಾರ. ವಾಸನಿಗೇನು, ನಾಕು ಗಂಟೇಕ ಹೋಗ್ತದ" ಅಂದ್ಲು. ಎಷ್ಟು ಸರಳ! ಶಿವಬಸಮ್ಮ ತಲಿ ಆಡಿಸಿ ಹೋದ್ರು. ಕದಾ ಹಾಕಿಕೊಳ್ಳಲಿಲ್ಲ. ಬರಲೂ ಇಲ್ಲ. ಇರಲಿ. ನಾ ಅಂದೆ. ಜೋರಾಗೇ ಅಂದೆ.

ಕಹಕಶಾನ್ ಬಗಾರಾ ಅನ್ನದ ಡಬ್ಬಿ ತಂದು ಅಂಗಳದಾಗ ಅವ್ವನ ಕೂಡ ಮಾತಾಡಕೋಂತ ಉಂಡ್ಲು. ಉಮಾದೇವಿ ಅವರು ಬರಲಿಲ್ಲ. ಅವರಿಗಂತ ಮಾಡಿದ ಹೋಳಿಗಿ ಉಳೀತು.

ಅವ್ವಗ ಚಾಪಿ ಹಾಸಿದೆ, ಎಲ್ಲಾರಿಗಿಂತ ಮೊದಲು. ಹಿಂದ ಜಗ್ಗಿದ್ಲು. "ನೀವು ಉಣ್ರಿ ಮೊದಲು, ಉಳದದ್ದು ನಾ..." ಇವರು ಅಕಿ ಭುಜ ಹಿಡದು ಕುಂದ್ರಿಸಿದ್ರು. "ಅತ್ತಿ, ಇವತ್ತು ನೀವೇ ಬೀಗರು." ಸೋನಾ ಮಸೂರಿ ಅನ್ನ, ಮ್ಯಾಲ ನಾಕು ತುಂಡು. ಕೆಂಪಗ, ಮಿರಿ ಮಿರಿ, ತೊಗಲು ನಡುಗಾಕತ್ತಿತ್ತು. ಅವ್ವ ಬೆರಳಿಲೇ ಒತ್ತಿದ್ಲು, ಬೆಣ್ಣಿ ಹಂಗ ಬಿಟ್ಟುಕೊಂಡ್ತು. ಬಾಯಾಗ ಇಟ್ಲು. ಕಣ್ಣು ಮುಚ್ಚಿದ್ಲು.

"ಪಾಯಸ ಅಲ್ಲ ಇದು" ಅಂದ್ಲು. ಆಮ್ಯಾಲ, "ಇನ್ನೆರಡು ಹಾಕು."

ನನ್ನ ಮನ್ಯಾಗ. ಎರಡು ಸಲ ನೀಡಿಸಿಕೊಂಡು. ಬೋಗುಣಿಗೆ ರೊಟ್ಟಿ ಒರಸಿಕೊಂಡು ಉಂಡ್ಲು!


ಫೆಬ್ರವರಿ 17, ಸೋಮವಾರ

ಉಮಾದೇವಿ ಅವರು ಅದೇ ಕಿಟಕಿ ಟೇಬಲ್. ನಮಸ್ಕಾರ ಅಂದೆ, ಅವರೂ ಅಂದ್ರು. ಅಷ್ಟೇ. ಬೇಜಾರಾತು, ಸುಳ್ಳು ಯಾಕ ಹೇಳಲಿ. ಶೇಂಗಾ ಚಟ್ನಿ ನೆನಪಾತು. ಆದ್ರ ಊಟ ರುಚಿ ಹತ್ತಿತು.

ಸಹಿ ಹಾಕಾಕ ಆಫೀಸಿಗೆ ಹೋದಾಗ ಕ್ಲರ್ಕ್ ಅಯ್ಯಮ್ಮ ಆಕಡಿ ಈಕಡಿ ನೋಡಿದ್ಲು. ಯಾರೂ ಇರಲಿಲ್ಲ. ಆದ್ರೂ ದನಿ ಸಣ್ಣ ಮಾಡಿ, "ಮೇಡಂ, ನಿನ್ನಿ ಮಾಡಿದ್ರಂತಲ್ಲ... ಒಂದಿಷ್ಟು ಉಳದದ ಏನ್ರಿ?"

ಹನ್ನೊಂದು ವರ್ಷ ಒಂದ ಸಾಲಿ. ಅಕಿ ಡಬ್ಬ್ಯಾಗೂ ದಿನಾ ಮಸರನ್ನ. ನನ್ನಂಗ.

"ಉಳದಿಲ್ಲವ್ವ. ಮುಂದಿನ ಆಯ್ತವಾರ ಬಾ." ಜೋರಾಗಿ ಹೇಳಿದೆ. ಅಕಿ ಗಾಬರಿ ಆದ್ಲು. ಆಮ್ಯಾಲ ನಕ್ಳು.


ಫೆಬ್ರವರಿ 23, ಆಯ್ತವಾರ. ಮಧ್ಯಾಹ್ನ 12:20

ಅವ್ವ ಊರಿಗೆ ಹೋಗೇ ಇಲ್ಲ. ಮುಂಜಾನೆ ಇವರ ಕೂಡ ತಿರುಪತಿ ಅಂಗಡಿಗೆ ಹೋಗಿ ಜಗಳಾ ಮಾಡಿ ತಂದಾಳ, ಎರಡೂವರಿ ಕೇಜಿ. ಇಷ್ಟು ಯಾಕ ಅಂದ್ರ ಇಕ್ಕಳ ಹುಡುಕಾಕ ಹೋದ್ಲು. ಈ ಸಲ ಮೆಣಸಿನಕಾಯಿ ಆರು. ನಾ ಎಣಿಸೀನಿ.

ಅಡಗಿ ಮುಗದದ. ಬರೀಯಾಕ ಐದು ನಿಮಿಷ ಸಿಕ್ತು. ಅಯ್ಯಮ್ಮ ಒಬ್ಬಾಕಿ ಬರ್ತೀನಂದಿದ್ಲು. ಈಗ ಗೇಟ್ ಸಪ್ಪಳಾತು. ಕಿಟಕ್ಯಾಗ ನೋಡಿದ್ರ ಅಕಿ, ಅಕಿ ಗಂಡ, ಅತ್ತಿ, ಹಿಂದ ಇನ್ನೂ ಇಬ್ಬರು ಯಾರೋ ಚಪ್ಪಲ್ ಬಿಡಾಕತ್ತಾರ. ಅವ್ವ ಬಾಗಲದಾಗ ನಿಂತು "ಬರ್ರಿ ಬರ್ರಿ, ನಾ ಶಶಿಕಲಾನ ಅವ್ವ" ಅನ್ನಾಕತ್ತಾಳ. ನಮ್ಮ ಮನ್ಯಾಗ ಇರೋದೇ ಆರು ತಾಟು, ಎದುರು ಮನ್ಯಾಗ ಕೇಳಿದ್ರ ಶಿವಬಸಮ್ಮ ಕೊಡ್ತಾರೋ ಇಲ್ಲೋ, ಕೇಳೇ ಬರ್ತೀನಿ.