ಎಳೆದರೆ ಬಿಗಿಯುವ ಸುರುಳಿ

ಜನವರಿ 14, ಬುಧವಾರ. ಕುಮಾಸಿ

ಏಳಕ್ಕೇ ಲ್ಯಾಬ್. ಹರ್ಮಟಾನ್ ಗಾಳಿಯ ಧೂಳು ಮೇಜಿನ ತುಂಬ. ಒರೆಸಿದೆ. ಸ್ಪ್ರಿಂಗ್ ತೂಗುಹಾಕಿದೆ — ತುದಿಗೆ ತೂಕ, ತೂಕಕ್ಕೊಂದು ಮುಳ್ಳು, ಸುರುಳಿ ಯಾವ ಕಡೆ ತಿರುಗುತ್ತದೆಂದು ತೋರಿಸಲು. ಹನ್ನೊಂದು ವರ್ಷದಿಂದ ಇದೇ. ಹೊಸ ವಿದ್ಯಾರ್ಥಿನಿ ಬಂದಳು, ಸಾರ್ಪೊಮಾ. ಅಪ್ಪ ಸುವಾಮೆಯ ಗ್ಯಾರೇಜುಗಳಲ್ಲಿ ಲಾರಿ ಸ್ಪ್ರಿಂಗ್ ಸುತ್ತುವವನಂತೆ. ಪ್ರೊಫೆಸರ್ ನ್ಯಾರ್ಕೊ ಅವಳಿಗೆ ಕಿಟಕಿ ಪಕ್ಕದ ಮೇಜು ಕೊಟ್ಟರು. ನಾನು ಆರು ವರ್ಷ ಕೇಳಿದ್ದ ಮೇಜು.

ಜನವರಿ 20

ಎಳೆದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ನನ್ನ ಥೀಸಿಸ್‌ನ ಮೂರನೆಯ ಅಧ್ಯಾಯ. ಇವತ್ತು ಅವಳು ಚಿಕ್ಕ ಚಿಕ್ಕ ತೂಕ ಹಾಕುತ್ತ ಕೂತಳು.

"ಬೋವಾಚಿ ಅಣ್ಣಾ, ನೋಡಿಲ್ಲಿ. ಮುಳ್ಳು ಮೊದ್ಲು ಬಿಗಿಯೋ ಕಡೆ ತಿರುಗ್ತಿದೆ. ಬಿಚ್ಕೊಳ್ಳೋದು ಆಮೇಲೆ."

"ಗಾಳಿ ಕಣಮ್ಮ. ಕಿಟಕಿ ಮುಚ್ಚು."

ಮುಚ್ಚಿದಳು. ಮತ್ತೆ ಬಿಗಿಯಿತು.

ನಾನು ಯಾವತ್ತೂ ಶುರುವಿಗೇ ದೊಡ್ಡ ತೂಕ ಹಾಕುತ್ತಿದ್ದೆ. ಆತುರ...

ನ್ಯಾರ್ಕೊ ಓಡಿಬಂದರು. "ನನ್ನ ಕಣ್ಣಿಗೇ ಬಿದ್ದಿರ್ಲಿಲ್ವಲ್ಲೇ ಇದು!" ಅವಳ ಬೆನ್ನು ತಟ್ಟಿದರು. ನನಗೆ, "ಇನ್ನಷ್ಟು ಸಣ್ಣ ತೂಕ ತಂದ್ಕೊಡಯ್ಯ ಇವ್ಳಿಗೆ."

ತಂದುಕೊಟ್ಟೆ. ಮಧ್ಯಾಹ್ನದ ಕೆಂಕೆ, ಜೋಳದ ಕಡುಬು, ಬಿಚ್ಚದೆ ಚೀಲದಲ್ಲೇ ಬಿಟ್ಟೆ.

ಫೆಬ್ರವರಿ 5

ನಾಳೆ ಅವಳ ಪ್ರಯೋಗ ನೋಡಲು ಅಕ್ರಾದಿಂದ ಪರಿಣತರು ಬರುತ್ತಾರೆ. ಒಪ್ಪಿದರೆ ಅವಳಿಗೆ ಸ್ಕಾಲರ್‌ಶಿಪ್.

ಚಪ್ಪಟೆ ಉಕ್ಕಿನ ಪಟ್ಟಿಯಿಂದ ಒಂದು ಸ್ಪ್ರಿಂಗ್ ಸುತ್ತಿದೆ. ಅವಳ ದುಂಡು ತಂತಿಯದ್ದರಷ್ಟೇ ಅಗಲ, ಅಷ್ಟೇ ಸುತ್ತು. ಕಪ್ಪು ಬಣ್ಣ ಬಳಿದೆ. ದೂರದಿಂದ ಗೊತ್ತಾಗದು. ಪಟ್ಟಿಯನ್ನು ಬಾಗಿಸುವುದು ಸುಲಭ, ತಿರುಚುವುದು ಕಷ್ಟ. ಮೊದಲಿನಿಂದಲೇ ಬಿಚ್ಚಿಕೊಳ್ಳುತ್ತದೆ. ತೂಕ ಹಾಕಿ ನೋಡಿದೆ. ಹೌದು.

ಅವಳದ್ದನ್ನು ಡ್ರಾಯರ್‌ಗೆ ಸರಿಸಿದೆ.

ಫೆಬ್ರವರಿ 6

ಪಟ್ಟಿಯ ಸ್ಪ್ರಿಂಗ್ ತೂಗುಹಾಕಿದ್ದು ನಾನೇ. ಅವಳು ತೂಕ ಇಟ್ಟಳು. ಮುಳ್ಳು ಬಿಚ್ಚುವ ಕಡೆಗೆ. ಮತ್ತೆ ಇಟ್ಟಳು. ಅದೇ. ಯಾರೋ ಕೆಮ್ಮಿದರು. ಅವಳ ಮುಖ ಬಾಡಿತು. ನನಗೆ — ಬರೆಯಲೇಬೇಕು — ಸಿಹಿ ತಿಂದಂತಾಯಿತು.

ಆಮೇಲೆ ಬೆರಳಿನಿಂದ ಸುರುಳಿ ಸವರಿದಳು. ನನ್ನ ಕಡೆ ನೋಡಿದಳು.

"ಸಾರ್, ಇದು ಚಪ್ಪಟೆ ಪಟ್ಟಿ. ಬಿಚ್ಕೊಳ್ಳುತ್ತೆ. ಈಗ ದುಂಡು ತಂತೀದು ನೋಡಿ." ಡ್ರಾಯರ್‌ನಿಂದ ತನ್ನದನ್ನು ತೆಗೆದು ಹಾಕಿದಳು. ಬಿಗಿಯಿತು. ಚಪ್ಪಾಳೆ.

"ಎರಡನ್ನೂ ಹೋಲಿಸೋ ಐಡಿಯಾ ಯಾರ್ದಮ್ಮ?" ಅಕ್ರಾದವರೊಬ್ಬರು ಕೇಳಿದರು.

"ಬೋವಾಚಿ ಅಣ್ಣಂದು," ಅಂದಳು.

ಫೆಬ್ರವರಿ 9, ಬೆಳಿಗ್ಗೆ

ಪ್ರಬಂಧ ತಂದಿಟ್ಟಳು. ಅವಳ ಹೆಸರು, ಕೆಳಗೆ ನನ್ನದು.

"ಯಾಕ್ ಹಾಗ್ ಮಾಡ್ದೆ ಅಂತ ಕೇಳಲ್ಲ ಅಣ್ಣಾ. ಪಟ್ಟಿ ಮಾತ್ರ ಚೆನ್ನಾಗಿ ಸುತ್ತಿದೀಯ. ಸೈನ್ ಹಾಕು."

ಬೈದಿದ್ದರೆ ಸಾಕಿತ್ತು. ಹೋದಳು.

ನನ್ನ ಹೆಸರಿನ ಮೇಲೆ ಗೀಟು ಎಳೆದೆ. ಪಶ್ಚಾತ್ತಾಪವೋ, ಅವಳ ಭಿಕ್ಷೆ ಬೇಡವೆಂಬ ಉರಿಯೋ — ಗೊತ್ತಿಲ್ಲ. ಕಾರಿಡಾರಿನಲ್ಲಿ ನ್ಯಾರ್ಕೊ ಹೆಜ್ಜೆ. ಗೀಟು ಯಾಕೆಂದು ಕೇಳುತ್ತಾರೆ. ಸ್ಪ್ರಿಂಗ್ ಬದಲಾಯಿಸಿದ್ದು ಯಾಕೆಂದು ಹೇಳಿಬಿಡುತ್ತೇನೆ.