ಬೆಂಜ್ ಕಾರಿಗೆ ಒಯ್ದ ಹಾರ

ಪುಣೆ, ಆಯುಧ ಪೂಜೆಯ ಸಂಜೆ

ಅಪ್ಪಾಜಿ,

ನಮಸ್ಕಾರ. ಪ್ಲೀಸ್, ಕೂತುಕೊಂಡು ಓದಿ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಮಾರಿದ ಕಾರಾದರೂ ಪೂಜೆ ತಪ್ಪಬಾರದು ಎಂದಿದ್ದಿರಲ್ಲ, ಹಾರ, ನಿಂಬೆಹಣ್ಣು ಹಿಡಿದು ನಮ್ಮ ಬೆಂಜ್ ಕೊಂಡ ಡಾಕ್ಟರ ಮನೆಗೆ ಹೋದೆ. ಅವರು ಅದನ್ನು ಆಗಲೇ ಮಾರಿಬಿಟ್ಟಿದ್ದರು. ಅವರ ಡ್ರೈವರ್ ಕೊಟ್ಟ ಅಡ್ರೆಸ್ ದೇಹೂ ರೋಡ್ ಹತ್ತಿರದ ಒಂದು ಗುಜರಿಯದು.

ಅಲ್ಲಿ ಕಾರೇ ಇರಲಿಲ್ಲ, ಅಪ್ಪಾಜಿ. ಬಾಗಿಲುಗಳು ಒಂದು ಕಡೆ, ಸೀಟುಗಳು ಇನ್ನೊಂದು ಕಡೆ. ಹಿಂದಿನ ಗಾಜಿನ ಮೇಲೆ ನಾನು ಅಂಟಿಸಿದ್ದ ಬಸವಣ್ಣನ ಸ್ಟಿಕರ್ ಮಾತ್ರ ಹಾಗೇ ಇತ್ತು.

ಕೆಲಸದವನು ವಿಜಯಪುರದ ಕಡೆಯವನು. “ಇಡೀ ಗಾಡಿ ಯಾರಿಗೆ ಬೇಕ್ರಿ? ಪಾರ್ಟ್ಸಿಗೆ ಗಿರಾಕಿ ಭಾಳ ಅದಾರ,” ಎಂದ. ನನ್ನ ಕೈಯ ಹಾರ ನೋಡಿ, “ಛಲೋ ಟೈಮಿಗೆ ತಂದ್ರಿ ನೋಡ್ರಿ ಅಕ್ಕಾರ!” ಎಂದವನೇ ಅದನ್ನು ತೆಗೆದುಕೊಂಡು, ನಮ್ಮ ಕಾರು ಕೊಯ್ದ ಕಟರ್ ಮಷೀನಿಗೆ ಹಾಕಿ ಕೈಮುಗಿದ. ಪ್ರಸಾದವೆಂದು ಪೇಡೆ ಕೊಟ್ಟ. ತಿಂದೆ.

ನೀವು ಕೇಳಿದ ಫೋಟೋ ತೆಗೆಯಲಿಲ್ಲ. ದೀಪಾವಳಿಗೆ ಕಾರು ನೋಡಲು ಇಲ್ಲಿಗೆ ಬರುವುದು ಬೇಡ. ನಾನೇ ಊರಿಗೆ ಬರುತ್ತೇನೆ. ಸ್ಟೇಷನ್ನಿಗೆ ಸ್ಕೂಟರ್ ತನ್ನಿ, ಸಾಕು.

ನಿಮ್ಮ
ರೇಣು